ಟ್ಯಾಂಕ್ ಹೊತ್ತ ಟ್ರೇಲರಿಗೆ ದಾರಿ ಬಿಡ್ರಿ

ಹೈವೇಯಲ್ಲಿ ತಾಡಪತ್ರಿ ಹೊದ್ದ ಟ್ಯಾಂಕೊಂದು ಟ್ರೇಲರ್ ಮೇಲೆ ಹೊಂಟಿತು ಅಂದ್ರೆ ಸಾಕು, ನಮ್ಮ ಹುಡುಗರು ಬೈಕ್ ಏರಿ ಅದರ ಪಕ್ಕಕ್ಕೇ ಬಂದುಬಿಡ್ತಾರೆ. ಮುಂದಿನವನ ಒಂದೇ ಕೈ ಹ್ಯಾಂಡಲ್ ಮೇಲೆ, ಹಿಂದಿನವ ಮೊಬೈಲ್ ಎತ್ತಿ ರೀಲ್ಸ್ ಮಾಡೋದರಲ್ಲಿ. ಮೊನ್ನೆ ನಮ್ಮ ವಿಜಯಪುರ ಜಿಲ್ಲೆಯ ಝಳಕಿ, ಹೊರ್ತಿ ನಡುವೆ ಇದನ್ನೇ ನೋಡಿದೆ. ಟ್ರೇಲರಿನ ಹಿಂದಿನ ಗಾಲಿಗೂ ಬೈಕಿಗೂ ಒಂದು ಮೊಳದ ಅಂತರ ಇರಲಿಲ್ಲ. ಮುಂದೆ ಚಹಾದಂಗಡಿ ಹತ್ರ ಅದೇ ಹುಡುಗರು ಸಿಕ್ಕರು, ಕರೆದು ಹೇಳಿದೆ. "ಕಾಕಾ, ಮಿಲಿಟ್ರಿ ಮ್ಯಾಲಿನ ಅಭಿಮಾನರೀ, ಅದಕ್ಕ ಹೋಗಿದ್ವಿ" ಅಂದ ಒಬ್ಬ. ಅವನ ಅಭಿಮಾನದ ಬಗ್ಗೆ ನನಗೇನೂ ಸಂಶಯ ಇಲ್ಲ. ಆದರೆ ಸ್ಟೇರಿಂಗ್ ಹಿಡಿದು ಕೂತವನಿಗೆ ಆ ಹೊತ್ತಿನಲ್ಲಿ ನಮ್ಮಿಂದ ಬೇಕಾದದ್ದು ಒಂದೇ, ಜಾಗ.

ನಾನು ಸೈನ್ಯದಲ್ಲಿ ಗಾಡಿ, ಯಂತ್ರ ದುರಸ್ತಿ ಮಾಡೋ ಇ.ಎಂ.ಇ. ವಿಭಾಗದಲ್ಲಿದ್ದವನು. ರಿಕವರಿ ಕೆಲಸ. ಕೆಟ್ಟು ನಿಂತ ಗಾಡಿ ಎಳೆಯೋದು, ಟ್ರೇಲರಿಗೆ ಏರಿಸೋದು, ಇಳಿಸೋದು. ಆ ಟ್ರೇಲರಿನ ಮೇಲೆ ಏನು ನಡೆದಿರುತ್ತೆ ಅನ್ನೋದು ಗೊತ್ತಾದರೆ ಯಾರೂ ಅದರ ಮಗ್ಗುಲಿಗೆ ಹೋಗೋದಿಲ್ಲ ಅನ್ನೋ ನಂಬಿಕೆಯಿಂದ ಇಷ್ಟುದ್ದ ಬರೀತಿದ್ದೇನೆ.

ಬಹಳ ಮಂದಿ ಕೇಳ್ತಾರೆ, ಟ್ಯಾಂಕಿಗೆ ತನ್ನದೇ ಇಂಜಿನ್ ಇದೆಯಲ್ಲ, ಓಡಿಸಿಕೊಂಡೇ ಹೋಗಬಹುದಲ್ಲ ಅಂತ. ಹೋಗಬಹುದು, ಆದರೆ ನಷ್ಟ. ಟಿ-72 ಟ್ಯಾಂಕ್ ಕಿಲೋಮೀಟರಿಗೆ ಎರಡು ಲೀಟರಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತೆ. ಟ್ರ್ಯಾಕಿನ, ಅಂದ್ರೆ ಗಾಲಿಗಳ ಸುತ್ತ ತಿರುಗೋ ಉಕ್ಕಿನ ಪಟ್ಟಿಯ, ಪಿನ್ನುಗಳು ಸವೀತಾವೆ, ಯುದ್ಧಕ್ಕೆ ಅಂತ ಉಳಿಸಿಕೊಳ್ಳಬೇಕಾದ ಇಂಜಿನ್ ಆಯುಷ್ಯ ಡಾಂಬರಿನ ಮೇಲೆ ಕರಗುತ್ತೆ. ರಸ್ತೆಯ ಗತಿ ಇನ್ನೂ ಕೆಟ್ಟದ್ದು. ಟ್ಯಾಂಕಿನ ಭಾರ ಅಗಲವಾದ ಟ್ರ್ಯಾಕಿನ ಮೇಲೆ ಹರಡಿರೋದರಿಂದ ನೆಲದ ಮೇಲೆ ಅದರ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಕಡಿಮೆ. ಲೋಡ್ ತುಂಬಿದ ಲಾರಿಯ ಟೈರು ಇದರ ಏಳೆಂಟು ಪಟ್ಟು ಒತ್ತುತ್ತೆ. ಹಾಗಾಗಿ ಟ್ಯಾಂಕ್ ನೇರ ಹೋಗುವಾಗ ಅಷ್ಟು ತೊಂದರೆ ಇಲ್ಲ. ತಿರುಗಬೇಕಾದಾಗ ಒಂದು ಟ್ರ್ಯಾಕ್ ತಡೆದು ಇನ್ನೊಂದನ್ನು ಓಡಿಸಬೇಕು. ಆಗ ಉಕ್ಕು ಡಾಂಬರನ್ನು ತಿರುಚಿ ಕಿತ್ತು ಹಾಕುತ್ತೆ. ಅದಕ್ಕೇ ದೂರದ ಪಯಣ ರೈಲಿನಲ್ಲಿ. ರೈಲು ಮುಟ್ಟದ ಕಡೆ, ಅಥವಾ ಒಂದೆರಡೇ ಗಾಡಿ ಸಾಗಿಸೋದಿದ್ದಾಗ ಟ್ರೇಲರು.

ಈಗ ಅಗಲದ ಲೆಕ್ಕ. ನಮ್ಮಲ್ಲಿ ಮಾಮೂಲಿ ವಾಹನ 2.6 ಮೀಟರ್ ಅಗಲ ಮೀರಬಾರದು ಅಂತ ಮೋಟಾರು ವಾಹನ ನಿಯಮ ಹೇಳುತ್ತೆ. ಹೆದ್ದಾರಿಯ ಒಂದು ಲೇನ್ 3.5 ಮೀಟರ್. ಹಳೆಯ ಟಿ-55 ಸುಮಾರು 3.27 ಮೀಟರ್ ಅಗಲ. ಟಿ-72 ಟ್ರ್ಯಾಕ್ ಮುಚ್ಚೋ ಪಕ್ಕದ ಹೊದಿಕೆ ಸೇರಿ 3.59, ಅಂದ್ರೆ ಲೇನಿನೊಳಗೆ ಹಿಡಿಸೋದೇ ಇಲ್ಲ. ನಮ್ಮ ದೇಶದ್ದೇ ಆದ ಅರ್ಜುನ್ ಟ್ಯಾಂಕ್ 3.86. ಎಷ್ಟೋ ಟ್ರೇಲರಿನ ಹಾಸು ಟ್ಯಾಂಕಿಗಿಂತ ಕಿರಿದು, ಎರಡೂ ಕಡೆ ಟ್ರ್ಯಾಕಿನ ಅಂಚು ಹೊರಗೆ ಚಾಚಿರುತ್ತೆ. ಬೈಕಿನ ಮೇಲೆ ಕೂತವನ ಭುಜದ ಮಟ್ಟಕ್ಕೆ ಆ ಉಕ್ಕಿನ ಅಂಚು ಇರುತ್ತೆ. ಇದನ್ನ ಓದೋ ಹುಡುಗರು ಇಷ್ಟಾದರೂ ನೆನಪಿಟ್ಟುಕೊಳ್ಳಬೇಕು. ಎತ್ತರದ ಚಿಂತೆ ಅಷ್ಟಿಲ್ಲ. ಲೋಬೆಡ್ಡಿನ, ಅಂದ್ರೆ ಹಾಸು ತಗ್ಗಾಗಿರೋ ಟ್ರೇಲರಿನ, ಮೇಲೆ ಕೂತ ಟ್ಯಾಂಕಿನ ನೆತ್ತಿ ಸಾಮಾನ್ಯವಾಗಿ ದೊಡ್ಡ ಕಂಟೇನರ್ ಲಾರಿಗಿಂತ ಕೆಳಗೇ ಇರುತ್ತೆ.

ಟ್ಯಾಂಕ್ ಏರಿಸೋದು ನೋಡೋದಕ್ಕೆ ಸರಳ. ಎರಡು ರ‍್ಯಾಂಪ್ ಇಳಿಸ್ತಾರೆ, ಟ್ಯಾಂಕ್ ನಿಧಾನ ಏರುತ್ತೆ. ಆದರೆ ಚಾಲಕನಿಗೆ ತನ್ನ ಟ್ರ್ಯಾಕ್ ಎಲ್ಲಿದೆ ಅಂತ ಕಾಣಿಸೋದಿಲ್ಲ. ಮುಂದೆ ನಿಂತು ಕೈಸನ್ನೆ ಮಾಡೋ ಒಬ್ಬನೇ ಅವನ ಕಣ್ಣು. ಇಬ್ಬರು ಸನ್ನೆ ಮಾಡಬಾರದು, ಒಬ್ಬನೇ. ಏರುವ ಮೊದಲೇ ಗಾಡಿ ನೇರ ನಿಂತಿರಬೇಕು, ರ‍್ಯಾಂಪಿನ ಮೇಲೆ ತಿರುಗಿಸೋ ಹಾಗಿಲ್ಲ, ತಿರುಗಿಸಿದರೆ ಜಾರುತ್ತೆ. ಉಕ್ಕಿನ ಮೇಲೆ ಉಕ್ಕು, ಮಳೆ ಹನಿ ಬಿದ್ದಿದ್ದರಂತೂ ದೇವರೇ ಗತಿ. ಅದಕ್ಕೇ ಹಾಸಿನ ಮೇಲೆ ಕಟ್ಟಿಗೆ ಹಾಸೋದು. ಭಾರ ಎಲ್ಲಿ ಕೂರಬೇಕು ಅನ್ನೋದೂ ಅಳತೆಯ ಮಾತು. ತೀರಾ ಹಿಂದಕ್ಕೆ ಕೂತರೆ ಎಳೆಯೋ ಗಾಡಿಯ ಹಿಡಿತ ಹಗುರಾಗುತ್ತೆ, ತೀರಾ ಮುಂದಕ್ಕೆ ಬಂದರೆ ಅದರ ಆಕ್ಸಲ್ ಮೇಲೆ ಹೊರೆ ಹೆಚ್ಚುತ್ತೆ. ಆಮೇಲೆ ಹ್ಯಾಂಡ್‌ಬ್ರೇಕ್, ಗೇರ್, ತಿರುಗೋ ತೋಪಿನ ಗೋಪುರಕ್ಕೆ ಲಾಕ್, ಟ್ರ್ಯಾಕಿನ ಹಿಂದೆ ಮುಂದೆ ದಿಮ್ಮಿ. ಕಡೆಗೆ ಸರಪಳಿ. ಮುಂದಿನದೂ ಹಿಂದಿನದೂ ಅಡ್ಡಡ್ಡ ಹಾಯಿಸಿ ಟರ್ನ್‌ಬಕಲ್ ಅನ್ನೋ ತಿರುಪಿನಿಂದ ಬಿಗೀತಾರೆ. ಬಿಗಿದದ್ದು ಬಿಗಿದಂಗೇ ಇರೋದಿಲ್ಲ. ಸ್ವಲ್ಪ ದೂರ ಓಡಿದ ಮೇಲೆ ಟ್ಯಾಂಕ್ ತನ್ನ ಜಾಗ ಹಿಡಿದು ಕೂರುತ್ತೆ, ಸರಪಳಿ ಸಡಿಲಾಗುತ್ತೆ. ಮತ್ತೆ ನಿಲ್ಲಿಸಿ ಬಿಗೀಬೇಕು. ರಸ್ತೆ ಪಕ್ಕ ಟ್ರೇಲರ್ ನಿಂತಿದ್ದು ಕಂಡರೆ ಜವಾನರು ಸುಮ್ಮನೆ ನಿಂತಿದ್ದಾರೆ ಅಂತ ತಿಳೀಬ್ಯಾಡ್ರಿ, ಸರಪಳಿ ನೋಡ್ತಿರಬಹುದು. ಆಗ ಫೋಟೋ ಕೇಳ್ಕೋತ ನಡುವೆ ಹೋಗಬಾರದು.

ನಲವತ್ತು ಟನ್ ಹೊತ್ತ ಗಾಡಿ ಬ್ರೇಕ್ ಹಾಕಿದ ತಕ್ಷಣ ನಿಲ್ಲೋದಿಲ್ಲ, ಚಾಲಕ ಎಷ್ಟೇ ಪಳಗಿದವನಾಗಿರಲಿ. ಕಾರಿನವರು ಓವರ್‌ಟೇಕ್ ಮಾಡಿ ಅದರ ಮೂತಿಯ ಮುಂದೆಯೇ ನುಗ್ಗಿ ಬ್ರೇಕ್ ಒತ್ತೋದನ್ನ ನೋಡಿದಾಗೆಲ್ಲ ನನ್ನ ಎದೆ ಧಸಕ್ ಅನ್ನುತ್ತೆ. ಟ್ರೇಲರ್ ಚಾಲಕ ಗಟ್ಟಿ ಬ್ರೇಕ್ ಹಾಕಿದರೆ ಸರಪಳಿಗಳ ಮೇಲೆ ಬೀಳೋ ಜಗ್ಗು ಎಷ್ಟಿರುತ್ತೆ, ಯೋಚನೆ ಮಾಡ್ರಿ.

ಸೇತುವೆಯ ಮೇಲೆ ಇನ್ನೊಂದು ವಿಷಯ. ನಮ್ಮ ಹೆದ್ದಾರಿ ಸೇತುವೆಗಳ ಲೆಕ್ಕಾಚಾರದಲ್ಲೇ ಟ್ಯಾಂಕ್ ಕೂತಿದೆ. ರಸ್ತೆ, ಸೇತುವೆಗಳ ಅಳತೆ ಹೇಳೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ಪ್ರಕಾರ ದೊಡ್ಡ ಸೇತುವೆ ತಡೆಯಬೇಕಾದ ಹೊರೆಗಳಲ್ಲಿ 70 ಟನ್ನಿನ ಟ್ರ್ಯಾಕ್ ವಾಹನವೂ ಒಂದು. ಅದೇ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತೆ: ಅಂಥ ಎರಡು ವಾಹನಗಳ ನಡುವೆ 90 ಮೀಟರಿಗಿಂತ ಕಡಿಮೆ ಅಂತರ ಇರಬಾರದು, ಗಾಲಿಯ ಭಾರಿ ವಾಹನವಾದರೆ 30 ಮೀಟರ್. ಧೂಳಖೇಡದ ಭೀಮಾ ಸೇತುವೆ ಇರಲಿ, ಕೊಲ್ಹಾರದ ಹತ್ರ ಕೃಷ್ಣೆಯ ಹಿನ್ನೀರಿನ ಉದ್ದನೆಯ ಸೇತುವೆ ಇರಲಿ, ಸೈನ್ಯದ ಗಾಡಿಗಳ ಸಾಲು ಅಂತರ ಬಿಟ್ಟುಕೊಂಡು ಹೋಗುತ್ತಿದ್ದರೆ ಅದು ಸೋಮಾರಿತನ ಅಲ್ಲ, ಲೆಕ್ಕ. ನಾವು ಆ ಖಾಲಿ ಜಾಗ ಕಂಡ ಕೂಡಲೇ ಕಬ್ಬಿನ ಟ್ರ್ಯಾಕ್ಟರ್, ಟಂಟಂ, ಕಾರು ಎಲ್ಲ ತುರುಕಿಬಿಡ್ತೀವಿ.

ನನಗೆ ಅತಿ ಹೆಚ್ಚು ಸಿಟ್ಟು ಬರೋದು ರಸ್ತೆಯ ಹಂಪ್, ಅಂದ್ರೆ ಸ್ಪೀಡ್ ಬ್ರೇಕರ್ ವಿಷಯಕ್ಕೆ. ಲೋಬೆಡ್ಡಿನ ಹೊಟ್ಟೆ ನೆಲಕ್ಕೆ ಬಹಳ ಹತ್ತಿರ ಇರುತ್ತೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅಂತರ ಉದ್ದ. ಸರಿಯಾದ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ಇದೂ ರೋಡ್ಸ್ ಕಾಂಗ್ರೆಸ್ಸಿನದೇ ಅಳತೆ. ಹೈವೇ ಬಿಟ್ಟು ಒಳಗಿನ ದಾರಿಗೆ ಇಳಿದು ನೋಡ್ರಿ. ಮನೆ ಮುಂದೆ ಒಂದು, ಅಂಗಡಿ ಮುಂದೆ ಒಂದು, ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಕಟ್ಟಿದ ಗೋಡೆಯಂಥ ದಿಬ್ಬ, ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಲೋಬೆಡ್ ಅದರ ಮೇಲೆ ಹೊಟ್ಟೆ ಕೊಟ್ಟು ಕೂತರೆ ಎರಡೂ ತುದಿಯ ಗಾಲಿಯ ಮೇಲಿನ ಭಾರ ತಪ್ಪುತ್ತೆ. ಕ್ರೇನ್ ಅಥವಾ ಜಾಕಿ ಬರೋತನಕ ಅದು ಕದಲೋದಿಲ್ಲ. ಉಬ್ಬಿದ ರೈಲ್ವೆ ಗೇಟಿನ ಮೇಲೆ ಹೀಗೆ ಸಿಕ್ಕಿಕೊಂಡರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಜೀವಕ್ಕೆ ಅಂತ ಹಂಪ್ ಕೇಳ್ತಾರೆ, ಕೇಳಲೇಬೇಕು. ಅಳತೆ ಪ್ರಕಾರ ಹಾಕಿಸಿಕೊಳ್ಳಲಿ. ಆ ಕೆಟ್ಟ ದಿಬ್ಬ ಮೊದಲು ತಡೆಯೋದು ಟ್ರೇಲರನ್ನಲ್ಲ, ಬಸುರಿ ಹೆಣ್ಣುಮಗಳನ್ನ ಕರಕೊಂಡು ಹೊಂಟ ಆಂಬುಲೆನ್ಸನ್ನ.

ಈಗ ಊರೂರಲ್ಲಿ ಸರ್ಕಲ್ಲಿಗೊಂದು ಟ್ಯಾಂಕ್ ಬೇಕು ಅನ್ನೋ ಆಸೆ. ಒಳ್ಳೇದೇ. 1971ರ ಯುದ್ಧ ಕಂಡ ಟಿ-55 ಟ್ಯಾಂಕುಗಳು ನಿವೃತ್ತಿಯಾಗಿ ಪುಣೆ ಹತ್ತಿರದ ಖಡ್ಕಿ ಡಿಪೋದಿಂದ ಹೀಗೆ ಊರುಗಳಿಗೆ ಹೋಗ್ತಾವೆ. ಆದರೆ ಇಂಜಿನ್ ಓಡದ ಟ್ಯಾಂಕ್ ಸಾಗಿಸೋದು ಓಡೋ ಟ್ಯಾಂಕಿಗಿಂತ ಕಷ್ಟ. ತಾನಾಗಿ ಏರೋದಿಲ್ಲ, ವಿಂಚ್ ಹಾಕಿ ಎಳೀಬೇಕು, ಇಲ್ಲವೇ ಕ್ರೇನಿನಿಂದ ಎತ್ತಬೇಕು. 36 ಟನ್ನಿನ ಟ್ಯಾಂಕಿಗೆ 40 ಟನ್ ಕ್ರೇನ್ ಸಾಕು ಅಂತ ಹೇಳೋರಿದ್ದಾರೆ. ಕ್ರೇನಿನ ತೋಳು ಚಾಚಿದಷ್ಟೂ ಎತ್ತುವ ಶಕ್ತಿ ಇಳೀತಾ ಹೋಗುತ್ತೆ, ಸರ್ಕಲ್ಲಿನ ಕಟ್ಟೆಯ ಮೇಲೆ ಇಡೋದಕ್ಕೆ ಅದರ ಎಷ್ಟೋ ಪಟ್ಟಿನ ಕ್ರೇನ್ ಬೇಕು. ಇದೆಲ್ಲ ಮುಗಿದ ಮೇಲೆ ಉದ್ಘಾಟನೆ, ಹಾರ, ಭಾಷಣ. ಇಳಿಸಿದ ಮಂದಿಯನ್ನ ವೇದಿಕೆಗೆ ಕರೆದದ್ದನ್ನ ನಾನಂತೂ ಎಲ್ಲೂ ನೋಡಿಲ್ಲ.

ನಮ್ಮ ವಿಜಯಪುರದವರಿಗೆ ಈ ಕೆಲಸದ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅಂದ್ರೆ ಟಿ-72ಗಿಂತ ಭಾರ. ಆಮೇಲೆ ಅದು ಇದ್ದದ್ದು ಮಹಾರಾಷ್ಟ್ರದ ಪರಾಂಡಾ ಕೋಟೆಯಲ್ಲಿ; ಅಲ್ಲಿಂದ ವಿಜಯಪುರಕ್ಕೆ ತರೋವಾಗ 400 ಎತ್ತು, 10 ಆನೆ, ನೂರಾರು ಆಳು ಹೂಡಿದ್ದರು ಅಂತ ಹೇಳ್ತಾರೆ. ಭೀಮೆಯನ್ನ ದಾಟಿಸಿ ತಂದು, ಬುರುಜಿನ ನೆತ್ತಿಗೆ ಏರಿಸಿದ್ದಾರೆ. ಎರಕ ಹೊಯ್ದ ಮುಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಉಳಿದಿದೆ, ಸುಲ್ತಾನರ ಹೆಸರು ಉಳಿದಿದೆ. ಎತ್ತು ಹೊಡೆದವರು, ಹಗ್ಗ ಹಿಡಿದವರು, ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಟ್ಟವರು, ಒಬ್ಬರ ಹೆಸರೂ ಇಲ್ಲ. 1854ರಲ್ಲಿ ಇದೇ ತೋಪನ್ನ 150 ರೂಪಾಯಿಗೆ ಹರಾಜು ಕೂಗಿ, ಆಮೇಲೆ ರದ್ದು ಮಾಡಿದರು. ಅಲ್ಲಿಂದ ಅದನ್ನ ಕದಲಿಸೋದಕ್ಕೆ ಏನೇನು ಬೇಕು ಅಂತ ಆ ಹರಾಜು ಕೂಗಿದವರು ಯೋಚಿಸಿದ್ದರೋ ಇಲ್ಲವೋ.

ಇನ್ನು ವಿಡಿಯೋ ಹಾಕೋರಿಗೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಕೇಂದ್ರ ಸರ್ಕಾರ ಸೈನ್ಯದ ಓಡಾಟವನ್ನ ನೇರ ಪ್ರಸಾರ ಮಾಡಬ್ಯಾಡ್ರಿ ಅಂತ ಮಾಧ್ಯಮಗಳಿಗೆ, ಜಾಲತಾಣ ಬಳಸೋರಿಗೆ ತಿಳಿಸಿತ್ತು. ಯಾವ ಗಾಡಿ, ಯಾವ ಊರು, ಯಾವ ಕಡೆಗೆ ಅಂತ ನಾವೇ ಬರೆದು ಹಾಕಿದರೆ ಬೇಹುಗಾರ ಬೇರೆ ಯಾಕೆ ಬೇಕು? ಶಾಂತಿಯ ದಿನದಲ್ಲೂ ಈ ರೂಢಿ ಬಿಡಬೇಕು.

ಟ್ರೇಲರ್ ಕಂಡರೆ ಹೀಗೆ ಮಾಡ್ರಿ. ಹಿಂದೆ ಇದ್ದರೆ ದೂರ ಉಳಿದು, ಟ್ರೇಲರಿನ ಜೊತೆ ದಾರಿ ತೋರಿಸ್ತಾ ಬರೋ ಪೈಲಟ್ ಗಾಡಿಯವ ಕೈ ತೋರಿಸಿದ ಮೇಲೆ ದಾಟ್ರಿ. ತಿರುವಿನಲ್ಲಿ ಅದರ ಒಳಮಗ್ಗುಲಿಗೆ ಎಂದೂ ಹೋಗಬ್ಯಾಡ್ರಿ, ಹಿಂದಿನ ಗಾಲಿ ಒಳಗೆ ಕತ್ತರಿಸಿಕೊಂಡೇ ಬರುತ್ತೆ. ನಿಂತಿದ್ದರೆ ಜವಾನರಿಗೆ ನೀರು ಬೇಕೇನು ಅಂತ ಕೇಳ್ರಿ. ನಮ್ಮ ಜಿಲ್ಲೆಯ ಪಂಚಾಯ್ತಿ ಸದಸ್ಯರು ಯಾರಾದರೂ ಇದನ್ನ ಓದುತ್ತಿದ್ದರೆ, ನಿಮ್ಮೂರಿನ ದಾರಿಯಲ್ಲಿ ಅಳತೆ ಇಲ್ಲದ ಹಂಪ್ ಎಷ್ಟಿವೆ ಅಂತ ಒಂದು ಪಟ್ಟಿ ಮಾಡಿ ಲೋಕೋಪಯೋಗಿ ಇಲಾಖೆಗೆ ಕೊಡ್ರಿ. ಪಟ್ಟಿ ಮಾಡೋದಕ್ಕೆ ಟೇಪು ಹಿಡಿಯೋರು ಬೇಕಾದರೆ ನನ್ನನ್ನ ಕರೀರಿ, ಬರ್ತೀನಿ.