“ಕಮ್ಯುನಿಟಿ ಕಾಲೇಜಾ?” ಅಂತ ಮುಖ ಸಿಂಡರಿಸುವವರಿಗೆ

ಇಲ್ಲಿ ಅಮೆರಿಕದಲ್ಲಿ ಒಬ್ಬರ ಮನೆಯ ಯುಗಾದಿ ಊಟದಿಂದ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಊಟ ಆದ ಮೇಲೆ ಎಲ್ಲರೂ ಕೂತು ಮಾತಾಡುತ್ತಿದ್ದೆವು. ಆ ಮನೆಯ ಹುಡುಗಿ ಈಗ ಹತ್ತನೇ ಕ್ಲಾಸು. ಚೆನ್ನಾಗಿ ಓದುತ್ತಾಳೆ, ಅದಕ್ಕಿಂತ ಹೆಚ್ಚಾಗಿ ಯೋಚನೆ ಮಾಡಿ ಮಾತಾಡುತ್ತಾಳೆ. ಒಬ್ಬರು ಕೇಳಿದರು, “ಮುಂದಿನ ವರ್ಷ ಎಷ್ಟು ಎಪಿ ತಗೋತೀಯಮ್ಮಾ?” (ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು.) ಅವಳು ಹೇಳಿದಳು, “ಒಂದೇ ಅಂಕಲ್. ಉಳಿದಿದ್ದು ರನ್ನಿಂಗ್ ಸ್ಟಾರ್ಟ್‌ನಲ್ಲಿ ಮಾಡ್ತೀನಿ.” ಅಂದರೆ ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಮ್ಯುನಿಟಿ ಕಾಲೇಜಿಗೆ, ಹೆಚ್ಚಾಗಿ ಎರಡು ವರ್ಷದ ಕೋರ್ಸುಗಳಿರುವ ಸ್ಥಳೀಯ ಸರ್ಕಾರಿ ಕಾಲೇಜಿಗೆ, ಹೋಗಿ ಓದುವುದು. ಅಷ್ಟೇ. “ಕಮ್ಯುನಿಟಿ ಕಾಲೇಜಾ? ಯಾಕೆ, ಸ್ಕೂಲಲ್ಲಿ ಏನಾದ್ರೂ ತೊಂದ್ರೆನಾ?” ಅಂದರು ಅವರು. ಪಕ್ಕದಲ್ಲಿದ್ದ ಇನ್ನೊಬ್ಬರು, “ಅದು ಬೇರೆ ತರದ ಮಕ್ಕಳಿಗೆ ಅಲ್ವಾ?” ಅಂದರು. ಹುಡುಗಿ ತನ್ನ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡಿಕೊಂಡು, “ಇಲ್ಲ ಇಲ್ಲ, ಇನ್ನೂ ಏನೂ ಫೈನಲ್ ಆಗಿಲ್ಲ” ಅಂದರು.

ನನಗೆ ಹೊಟ್ಟೆ ಉರಿದಿದ್ದು ಆ ಕೊನೆಯ ಮಾತಿಗೆ. ಆ ಅಮ್ಮನಿಗೆ ಎಲ್ಲಾ ಗೊತ್ತು. ಮಗಳ ಜೊತೆ ಕೂತು ಕೋರ್ಸ್ ಪಟ್ಟಿ ನೋಡಿದವರೇ ಅವರು. ನಾಲ್ಕು ಜನರ ಮುಂದೆ ಆ ಕಾಲೇಜಿನ ಹೆಸರು ಹೇಳಲು ನಾಚಿಕೆ ಆಯಿತು, ಅಷ್ಟೇ. ಆ ನಾಚಿಕೆ ಅವರಲ್ಲಿ ತಾನಾಗಿ ಹುಟ್ಟಿದ್ದಲ್ಲ, ಅದನ್ನು ಹುಟ್ಟಿಸಿದವರು ನಾವು.

ಊರಲ್ಲಿರುವ ಗೆಳತಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ನಾವಿರುವ ವಾಷಿಂಗ್ಟನ್ ರಾಜ್ಯದಲ್ಲಿ 1990ರ ಒಂದು ಕಾನೂನಿನಿಂದ ರನ್ನಿಂಗ್ ಸ್ಟಾರ್ಟ್ ಅನ್ನುವ ವ್ಯವಸ್ಥೆ ಬಂತು. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಹೈಸ್ಕೂಲಿನಲ್ಲಿ ಇದ್ದುಕೊಂಡೇ ಹತ್ತಿರದ ಕಾಲೇಜಿಗೆ ಹೋಗಿ ನಿಜವಾದ ಕಾಲೇಜು ಪಾಠ ಕೇಳಬಹುದು. ಬೋಧನಾ ಶುಲ್ಕ ಇಲ್ಲ. ಪುಸ್ತಕ, ಓಡಾಟ, ಸಣ್ಣಪುಟ್ಟ ಫೀಸು ನಮ್ಮದು. ಆದಾಯ ಕಡಿಮೆ ಇರುವ ಮನೆಯವರಿಗೆ ಆ ಫೀಸೂ ಮಾಫಿ. ಕ್ರೆಡಿಟ್ ಅಂದರೆ ಕೋರ್ಸು ಮುಗಿಸಿದ್ದಕ್ಕೆ ಕಾಲೇಜು ಕೊಡುವ ಲೆಕ್ಕ. ಐದು ಕ್ರೆಡಿಟ್‌ನ ಒಂದು ಕೋರ್ಸು ಮುಗಿಸಿದರೆ ಹೈಸ್ಕೂಲಿನಲ್ಲಿ ಇಡೀ ವರ್ಷ ಓದಿದ ಒಂದು ವಿಷಯಕ್ಕೆ ಸಮ. ಅಂದರೆ ಮೂರು ತಿಂಗಳೊಳಗಿನ ಒಂದು ಕ್ವಾರ್ಟರಿನಲ್ಲಿ ಒಂದು ವರ್ಷದ ಪಾಠ. ಅದೇ ಅಂಕ ಹೈಸ್ಕೂಲಿಗೂ ಸೇರುತ್ತದೆ, ಕಾಲೇಜಿಗೂ ಸೇರುತ್ತದೆ. ತೊಂಬತ್ತು ಕ್ರೆಡಿಟ್ ಆದರೆ ಅಸೋಸಿಯೇಟ್ ಡಿಗ್ರಿ, ಅಂದರೆ ಎರಡು ವರ್ಷದ ಕಾಲೇಜು ಪದವಿ. ಮನಸ್ಸು ಮಾಡಿದ ಮಕ್ಕಳು ಹೈಸ್ಕೂಲ್ ಡಿಪ್ಲೊಮಾ ಜೊತೆಗೆ ಅದನ್ನೂ ತೆಗೆದುಕೊಳ್ಳುತ್ತಾರೆ. ಇದು ಇಲ್ಲಿನವರು ಮಾತ್ರ ಕಂಡುಹಿಡಿದಿದ್ದಲ್ಲ, ಮಿನ್ನೆಸೋಟ ರಾಜ್ಯ 1985ರಲ್ಲೇ ಇಂಥದ್ದನ್ನು ಶುರು ಮಾಡಿತ್ತು. ಟೆಕ್ಸಸ್, ಫ್ಲಾರಿಡಾದಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ.

ಎಪಿ ಅಂದರೆ ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ವರ್ಷವಿಡೀ ಸ್ಕೂಲಿನಲ್ಲೇ ಪಾಠ, ಮೇ ತಿಂಗಳಲ್ಲಿ ಒಂದು ಪರೀಕ್ಷೆ, ಒಂದರಿಂದ ಐದರವರೆಗೆ ಅಂಕ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಮೂರು ಅಥವಾ ಜಾಸ್ತಿ ಬಂದರೆ ಕ್ರೆಡಿಟ್ ಸಿಗುತ್ತದೆ. ಒಂದೊಂದು ಪರೀಕ್ಷೆಗೆ ಸುಮಾರು 100 ಡಾಲರ್. ಎಪಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಮಗಳೂ ಎಪಿ ಕ್ಯಾಲ್ಕುಲಸ್ ಮಾಡಿದಳು, ಅವಳಿಗೆ ಒಳ್ಳೆಯ ಟೀಚರ್ ಸಿಕ್ಕಿದ್ದರು, ಖುಷಿಯಿಂದ ಕಲಿತಳು. ಆದರೆ ಎಪಿ ಮಾತ್ರ ಬುದ್ಧಿವಂತರದ್ದು, ಕಮ್ಯುನಿಟಿ ಕಾಲೇಜು ದಡ್ಡರದ್ದು ಅಂತ ಯಾರು ಹೇಳಿದರು ನಿಮಗೆ?

ಯಾರೂ ಹೇಳಿಲ್ಲ. ಇದನ್ನು ನಾವು ಊರಿಂದ ಹೊತ್ತುಕೊಂಡೇ ಬಂದಿದ್ದೇವೆ.

ನನ್ನ ಹಳೆಯ ಸ್ನೇಹಿತರಿಗೆ ನೆನಪಿರುತ್ತದೆ. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ನನಗೆ ಒಳ್ಳೆಯ ಮಾರ್ಕ್ಸ್ ಇತ್ತು. ನಾನು ಬೇಕು ಅಂತಲೇ ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡೆ. ಲೆಕ್ಕಪತ್ರ ಅಂದರೆ ನನಗೆ ಆಗಲೂ ಇಷ್ಟ, ಈಗಲೂ ಇಷ್ಟ. ಮನೆಗೆ ಬಂದವರೆಲ್ಲ, “ಕಾಮರ್ಸಾ? ಯಾಕೆ, ಸೈನ್ಸ್ ಸೀಟು ಸಿಗಲಿಲ್ವಾ?” ಅಂತ ಕೇಳುತ್ತಿದ್ದರು. ನಮ್ಮ ಅಪ್ಪ ಪ್ರತಿ ಸಲ ಉತ್ತರ ಕೊಟ್ಟರು, “ಅವಳೇ ಕೇಳಿ ತಗೊಂಡಿದ್ದಾಳೆ” ಅಂತ. ಹಾಗೆ ಹೇಳಿದ ಅಪ್ಪ ಇದ್ದಿದ್ದಕ್ಕೆ ನಾನು ತಲೆ ಎತ್ತಿ ಕಾಲೇಜಿಗೆ ಹೋದೆ. ಇಷ್ಟು ವರ್ಷ ಆದರೂ ಆ ಪ್ರಶ್ನೆ ಕೇಳಿದವರ ಮುಖಗಳು ನನಗೆ ಮರೆತಿಲ್ಲ. ಅದೇ ಮುಖ, ಅದೇ ದನಿ, ಸಮುದ್ರ ದಾಟಿ ಬಂದು ಮೊನ್ನೆ ಇನ್ನೊಂದು ಹುಡುಗಿಯ ಮುಂದೆ ಕೂತಿತ್ತು.

ಇನ್ನೊಂದು ವಿಷಯವೂ ನಿಮಗೆ ಗೊತ್ತು. ನಾನು ಇಲ್ಲಿಗೆ ಬಂದಾಗ ಎಚ್-4 ವೀಸಾ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ. ಆಗ ನಮಗೆ ಕೆಲಸ ಮಾಡುವ ಹಾಗಿರಲಿಲ್ಲ, ಆ ಅನುಮತಿ ಬಂದಿದ್ದು 2015ರಲ್ಲಿ, ಅದೂ ಎಲ್ಲರಿಗೂ ಅಲ್ಲ. ಆದರೆ ಓದಬಹುದಿತ್ತು. ಚಿಕ್ಕ ಮಗುವನ್ನು ಇವರ ಹತ್ತಿರ ಬಿಟ್ಟು ನಾನು ಸಂಜೆ ಕ್ಲಾಸಿಗೆ ಹೋಗಿದ್ದು ಕಮ್ಯುನಿಟಿ ಕಾಲೇಜಿಗೇ. ಇಲ್ಲಿನ ಅಕೌಂಟಿಂಗ್, ಟ್ಯಾಕ್ಸ್ ಎಲ್ಲಾ ಅಲ್ಲೇ ಕಲಿತೆ. ಇವತ್ತು ನಿಮ್ಮಲ್ಲಿ ಎಷ್ಟೋ ಜನ ಏಪ್ರಿಲ್ ಬಂತು ಅಂದರೆ ಟ್ಯಾಕ್ಸ್ ಪೇಪರ್ ಹಿಡಿದು ನನ್ನ ಹತ್ತಿರ ಬರುತ್ತೀರಿ. ಆಗ ಯಾರೂ ನೀನು ಎಲ್ಲಿ ಓದಿದ್ದು ಅಂತ ಕೇಳುವುದಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದ ದಿನಗಳಲ್ಲಿ ಆ ಕಾಲೇಜು ನನ್ನನ್ನು ಎತ್ತಿ ನಿಲ್ಲಿಸಿತು. ಅದರ ಹೆಸರು ಕೇಳಿ ಯಾರಾದರೂ ಮೂಗು ಮುರಿದರೆ ನನಗೆ ನೋವಾಗುತ್ತದೆ.

ಈಗ ನೀವು ಕೇಳುವ ಪ್ರಶ್ನೆಗೆ ಬರುತ್ತೇನೆ. “ಒಳ್ಳೆ ಯೂನಿವರ್ಸಿಟಿಗಳು ಈ ಕ್ರೆಡಿಟ್ ಒಪ್ಪಲ್ಲ ಕಣ್ರೀ.” ಪ್ರತಿ ಸಲ ಇದೇ ಮಾತು. ಮೊದಲನೆಯದಾಗಿ, ಸೀಟು ಸಿಗುವುದು ಒಂದು, ಕ್ರೆಡಿಟ್ ಸಿಗುವುದು ಇನ್ನೊಂದು. ಎರಡನ್ನೂ ಕಲಸಬೇಡಿ. ಎರಡನೆಯದು, ಕ್ರೆಡಿಟ್ ಕೊಡದವರಲ್ಲಿ ಕೆಲವರು ಎಪಿಗೂ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜು 2014ರಲ್ಲಿ ಸೇರಿದ ಬ್ಯಾಚಿನಿಂದ ಎಪಿ ಅಂಕಕ್ಕೆ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು. ಐದಕ್ಕೆ ಐದು ಬಂದರೂ ಅಷ್ಟೇ. ನಿಮ್ಮ ಮಗ ಅಲ್ಲಿಗೇ ಹೋಗಬೇಕು ಅಂದರೆ ಎರಡು ದಾರಿಯಲ್ಲೂ ಕ್ರೆಡಿಟ್ ನಂಬಿಕೊಂಡು ಹೋಗುವ ಹಾಗಿಲ್ಲ. ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳ ವಿಷಯ ಬೇರೆ. ಕಮ್ಯುನಿಟಿ ಕಾಲೇಜುಗಳಿಗೂ ಅವಕ್ಕೂ ಒಪ್ಪಂದ ಇದೆ. ಕೋರ್ಸ್ ನಂಬರಿನ ಪಕ್ಕ ‘&’ ಗುರುತು ಇದ್ದರೆ ಆ ಕೋರ್ಸು ರಾಜ್ಯದ 34 ಕಮ್ಯುನಿಟಿ, ಟೆಕ್ನಿಕಲ್ ಕಾಲೇಜುಗಳಲ್ಲಿ ಎಲ್ಲಿ ಓದಿದರೂ ಒಂದೇ ಲೆಕ್ಕ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೆ ಅರ್ಜಿ ಹಾಕುವಾಗ ರನ್ನಿಂಗ್ ಸ್ಟಾರ್ಟ್ ಮಕ್ಕಳ ಹತ್ತಿರ ಎಷ್ಟೇ ಕ್ರೆಡಿಟ್ ಇದ್ದರೂ ಹೈಸ್ಕೂಲಿನಿಂದ ಬರುವ ಬೇರೆ ಮಕ್ಕಳ ಹಾಗೆ ಮೊದಲ ವರ್ಷದ ವಿದ್ಯಾರ್ಥಿ ಅಂತಲೇ ನೋಡುತ್ತಾರೆ. ಸೀಟು ತಪ್ಪಿಹೋಗುತ್ತದೆ ಅನ್ನುವ ಹೆದರಿಕೆಯನ್ನು ಮಕ್ಕಳ ತಲೆಗೆ ತುಂಬುವ ಮೊದಲು ಇಷ್ಟಾದರೂ ಓದಿಕೊಳ್ಳಬಹುದಿತ್ತು ಅಲ್ವಾ? ಬಾತೆಲ್‌ನಲ್ಲಿ ಕ್ಯಾಸ್ಕೇಡಿಯಾ ಅನ್ನುವ ಕಮ್ಯುನಿಟಿ ಕಾಲೇಜೂ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಕ್ಯಾಂಪಸ್ಸೂ ಒಂದೇ ಜಾಗದಲ್ಲಿವೆ. ಒಂದು ಕಡೆ ಹೋದರೆ ಹೆಮ್ಮೆ, ಇನ್ನೊಂದು ಕಡೆ ಹೋದರೆ ಅವಮಾನ!

ಒಂದು ಅಪಾಯ ಇರುವುದು ನಿಜ. ಹದಿನಾರು ವರ್ಷಕ್ಕೆ ಕಾಲೇಜಿನಲ್ಲಿ ತೆಗೆದ ಮಾರ್ಕ್ಸು ಶಾಶ್ವತ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದರೆ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸಿನ ಗ್ರೇಡೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಸುಮ್ನೆ ಎಲ್ಲರನ್ನೂ ತಳ್ಳಬಾರದು. ಮೊದಲು ಒಂದು ಕೋರ್ಸು ಮಾಡಿ ನೋಡಲಿ, ಅದರಲ್ಲಿ ನಡೆದರೆ ಮುಂದಕ್ಕೆ. ಅರ್ಧ ದಿನ ಸ್ಕೂಲು, ಅರ್ಧ ದಿನ ಕಾಲೇಜು ಮಾಡುವ ಮಕ್ಕಳೂ ಬೇಕಾದಷ್ಟಿದ್ದಾರೆ. ಸ್ಕೂಲಿನ ಆರ್ಕೆಸ್ಟ್ರಾ, ಆಟ, ಗೆಳೆಯರು ಯಾವುದನ್ನೂ ಬಿಡಬೇಕಾಗಿಲ್ಲ. ಸ್ಕೂಲು ಬಿಟ್ಟು ಹೋಗುವುದೇ ಬೇಡ ಅನ್ನುವವರಿಗೆ ಸ್ಕೂಲಿನ ಟೀಚರೇ ಕಾಲೇಜಿನ ಪಾಠ ಮಾಡುವ ‘ಕಾಲೇಜ್ ಇನ್ ದ ಹೈಸ್ಕೂಲ್’ ಇದೆ. 2023ರ ಕಾನೂನಿನಿಂದ ಸರ್ಕಾರಿ ಕಾಲೇಜುಗಳ ಮೂಲಕ ಮಾಡಿದರೆ ಅದಕ್ಕೂ ಫೀಸು ಇಲ್ಲ. ಗ್ರೇಡಿನ ಭಯಕ್ಕೆ ಇಷ್ಟು ಉಪಾಯ ಇರುವಾಗ ಭಯದ ಮಾತು ಎತ್ತಿ ಇಡೀ ದಾರಿಯನ್ನೇ ಮುಚ್ಚುವುದು ನನಗೆ ಒಪ್ಪಿಗೆ ಇಲ್ಲ. ಎಪಿ ಐದಾರು ತೆಗೆದುಕೊಂಡು ರಾತ್ರಿ ಎರಡು ಗಂಟೆಯವರೆಗೆ ಎದ್ದಿರುವ ಮಕ್ಕಳ ಬಗ್ಗೆ ನಮ್ಮಲ್ಲಿ ಯಾರಿಗೂ ಭಯ ಇಲ್ಲ, ಅದು ಹೇಗೆ?

ನನ್ನ ಮಗಳ ವಿಷಯ ಹೇಳುತ್ತೇನೆ. ಹನ್ನೊಂದನೇ ಕ್ಲಾಸಿನಲ್ಲಿ ಅವಳು ಮೊದಲು ತೆಗೆದುಕೊಂಡಿದ್ದು ಇಂಗ್ಲಿಷ್ 101. ಅವಳ ಗುಂಪಿನಲ್ಲಿ ಒಬ್ಬರು ಸೈನ್ಯದಿಂದ ವಾಪಸ್ ಬಂದವರು, ಇನ್ನೊಬ್ಬರು ಎರಡು ಮಕ್ಕಳ ತಾಯಿ. ಆ ತಾಯಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಕ್ಲಾಸಿಗೆ ಬರುತ್ತಿದ್ದರು. ಒಬ್ಬರೊಬ್ಬರ ಪ್ರಬಂಧ ಓದಿ ತಿದ್ದಬೇಕು. ನನ್ನ ಮಗಳು ಮನೆಗೆ ಬಂದು, “ಅಮ್ಮಾ, ಅವರ ಹತ್ತಿರ ಬರೆಯೋಕೆ ವಿಷಯ ಇದೆ, ನನ್ನ ಹತ್ತಿರ ಇಲ್ಲ” ಅಂದಳು. ಆಮೇಲೆ ತನ್ನ ಅಜ್ಜಿಗೆ ಫೋನ್ ಮಾಡಿ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಬಗ್ಗೆ ಕೇಳಿ ಕೇಳಿ ಬರೆದಳು. ಕೊಬ್ಬರಿ ಹೇಗೆ ಒಣಗುತ್ತದೆ, ಹರಾಜು ಹೇಗೆ ನಡೆಯುತ್ತದೆ, ರೇಟು ಬಿದ್ದ ವರ್ಷ ಮನೆಯಲ್ಲಿ ಏನು ನಿಂತುಹೋಗುತ್ತಿತ್ತು ಅಂತೆಲ್ಲ. ಅವರಜ್ಜಿ ಆ ವಾರವೆಲ್ಲ ಖುಷಿಯಾಗಿದ್ದರು. ಯೂನಿವರ್ಸಿಟಿ ಅರ್ಜಿಗೆ ಪ್ರಬಂಧ ಬರೆಯುವಾಗ ಅವಳಿಗೆ ಯಾವ ಕೋಚಿಂಗೂ ಬೇಕಾಗಲಿಲ್ಲ. ಬರೆಯುವುದು ಅಂದರೆ ಏನು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಅಡ್ಮಿಷನ್‌ಗೆ ತಯಾರಿ ಅಂತ ನಾವು ಗಂಟೆಗೆ ಇಷ್ಟು ಡಾಲರ್ ಅಂತ ಕೊಟ್ಟು ಕನ್ಸಲ್ಟೆಂಟ್ ಹತ್ತಿರ ಕಳಿಸುತ್ತೇವಲ್ಲ, ಅದಕ್ಕಿಂತ ಈ ತಯಾರಿ ಜಾಸ್ತಿ ಅನ್ನುವುದು ನನ್ನ ನಂಬಿಕೆ.

ಇನ್ನೊಂದು ಪಾಠ ನಮಗೇ ಆಯಿತು. ಅಮೆರಿಕದಲ್ಲಿ 1974ರಿಂದ ಫರ್ಪಾ ಅನ್ನುವ ಕಾನೂನಿದೆ. ಮಗು ಕಾಲೇಜಿಗೆ ಸೇರಿದ ಕೂಡಲೇ ಆ ಕಾಲೇಜಿನ ದಾಖಲೆಯ ಹಕ್ಕು ಮಗುವಿನದು, ವಯಸ್ಸು ಹದಿನಾರೇ ಆಗಿದ್ದರೂ. ನಾನು ಪ್ರೊಫೆಸರಿಗೆ ಈಮೇಲ್ ಮಾಡಿ ನನ್ನ ಮಗಳು ಹೇಗೆ ಓದುತ್ತಿದ್ದಾಳೆ ಅಂತ ಕೇಳುವ ಹಾಗಿಲ್ಲ. ಗ್ರೇಡು ಕಮ್ಮಿ ಬಂದರೆ ಅವಳೇ ಹೋಗಿ ಕೇಳಬೇಕು, ಹುಷಾರಿಲ್ಲದಿದ್ದರೆ ಅವಳೇ ಬರೆಯಬೇಕು. ಮೊದಲ ತಿಂಗಳು ಅವಳ ಅಪ್ಪನಿಗೆ ನಿದ್ದೆ ಬರಲಿಲ್ಲ. ಆದರೆ ಆ ಹುಡುಗಿ ಬೆಳೆದಿದ್ದನ್ನು ನಾವು ಕಣ್ಣಾರೆ ನೋಡಿದೆವು. ಹೈಸ್ಕೂಲಿನಲ್ಲಿ ಪ್ರತಿದಿನ ಆ್ಯಪ್ ತೆಗೆದು ಗ್ರೇಡು ನೋಡಿ, ಊಟದ ಹೊತ್ತಿಗೆ ಜಗಳ ಆಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ದುಡ್ಡಿನ ಮಾತು ಬಿಟ್ಟುಬಿಡಲು ಆಗುವುದಿಲ್ಲ. ಇಲ್ಲಿನ ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ ರಾಜ್ಯದವರಿಗೇ ವರ್ಷಕ್ಕೆ 12 ಸಾವಿರ ಡಾಲರಿಗಿಂತ ಜಾಸ್ತಿ ಶುಲ್ಕ, ಹಾಸ್ಟೆಲ್ಲು ಊಟ ಬೇರೆ. ಎಲ್ಲರ ಮನೆಯಲ್ಲೂ ಇಬ್ಬರು ಸಾಫ್ಟ್‌ವೇರ್ ಸಂಬಳ ತರುವುದಿಲ್ಲ. ಕೆಲಸ ಹೋದ ಮನೆಗಳು ಈಗ ನಮ್ಮ ನಡುವೆಯೇ ಇವೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತ ಮನೆಗಳ ಮಕ್ಕಳಿಗೆ ಇಪ್ಪತ್ತೊಂದು ತುಂಬಿದರೆ ಎಚ್-4 ಮುಗಿಯಿತು, ಇಲ್ಲೇ ಓದು ಮುಂದುವರಿಸಲು ವಿದ್ಯಾರ್ಥಿ ವೀಸಾ ಆದ ಎಫ್-1ಗೋ ಬೇರೆ ಯಾವುದಕ್ಕೋ ಬದಲಾಯಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯಧನವೂ ಆ ಮಕ್ಕಳಿಗೆ ಇಲ್ಲ. ಅಂಥ ಮನೆಯ ಮಗುವಿಗೆ ಒಂದು ವರ್ಷ ಮೊದಲೇ ಡಿಗ್ರಿ ಮುಗಿಯುವುದು ಅಂದರೆ ಎಷ್ಟು ದೊಡ್ಡ ವಿಷಯ ಗೊತ್ತಾ? ಆ ಮಗುವಿನ ಮುಂದೆ ಕೂತು “ಕಮ್ಯುನಿಟಿ ಕಾಲೇಜಾ?” ಅಂತ ಕೇಳುತ್ತೀರಿ. ಅವರ ಮನೆಯ ಲೆಕ್ಕ ನಿಮಗೆ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ಕೇಳಲೇಬೇಡಿ.

ಮೊನ್ನೆ ನಾನು ಅಲ್ಲೇ ಜೋರಾಗಿ ಹೇಳಿದೆ, “ನನ್ನ ಮಗಳೂ ಅಲ್ಲೇ ಓದ್ತಿರೋದು, ನಾನೂ ಅಲ್ಲೇ ಓದಿದ್ದು” ಅಂತ. ಕೋಣೆಯಲ್ಲಿ ಮಾತು ನಿಂತಿತು, ಆಮೇಲೆ ಯಾರೋ ಕ್ರಿಕೆಟ್ ವಿಷಯ ತೆಗೆದರು. ಹಬ್ಬದ ದಿನ ಜಗಳ ಮಾಡಿದೆ ಅಂತ ಬೇಜಾರಾದವರು ಇದ್ದರೆ ಇರಲಿ. ಹಿರಿಯರ ಮಾತಿಗೆ ಆ ಹುಡುಗಿ ಎದುರಾಡುವ ಹಾಗಿರಲಿಲ್ಲ. ಯಾರಾದರೂ ಆಡಬೇಕಿತ್ತು.

ಈಗ ಕೆಲಸದ ಮಾತು. ಮಕ್ಕಳು ಹತ್ತನೇ ಕ್ಲಾಸಿನಲ್ಲಿದ್ದರೆ ಇದೇ ತಿಂಗಳು ಸ್ಕೂಲ್ ಕೌನ್ಸೆಲರ್ ಹತ್ತಿರ ಸಮಯ ಕೇಳಿ. ಡಿಪ್ಲೊಮಾಗೆ ಯಾವ ವಿಷಯ ಬಾಕಿ ಇದೆ, ಅದಕ್ಕೆ ಕಾಲೇಜಿನ ಯಾವ ಕೋರ್ಸು ಹೊಂದುತ್ತದೆ ಅಂತ ಕೂತು ನೋಡಿ. ರನ್ನಿಂಗ್ ಸ್ಟಾರ್ಟ್ ಫಾರ್ಮಿಗೆ ಕೌನ್ಸೆಲರ್ ಸಹಿ ಬೇಕು, ಮಕ್ಕಳಿಗೆ ಹದಿನೆಂಟು ಆಗಿಲ್ಲದಿದ್ದರೆ ನಿಮ್ಮ ಸಹಿಯೂ ಬೇಕು. ಜೂನ್‌ನಲ್ಲಿ ರಜೆ ಶುರುವಾದರೆ ಕೌನ್ಸೆಲರ್ ಸಿಗುವುದು ಕಷ್ಟ. ಇಂಗ್ಲಿಷ್, ಗಣಿತಕ್ಕೆ ಪ್ಲೇಸ್‌ಮೆಂಟ್, ಅಂದರೆ ಯಾವ ಮಟ್ಟದ ಕೋರ್ಸಿಗೆ ಸೇರಿಸುತ್ತಾರೆ ಅನ್ನುವುದು, ಹೇಗೆ ಅಂತ ಕಾಲೇಜಿನವರನ್ನೇ ಕೇಳಿ, ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಬೇಡಿ. ಫಾರ್ಮ್ ತುಂಬಲು ಗೊಂದಲ ಆದರೆ ನನಗೆ ಮೆಸೇಜ್ ಮಾಡಿ. ಭಾನುವಾರ ಸಂಜೆ ಮನೆಯಲ್ಲೇ ಇರುತ್ತೇನೆ. ಲ್ಯಾಪ್‌ಟಾಪ್ ತನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ, ಮಗಳು ಕೋರ್ಸ್ ಆರಿಸುವುದು ಹೇಗೆ ಅಂತ ತೋರಿಸುತ್ತಾಳೆ.