ಜಿನುಗುವ ಸಂಪತ್ತಿಗೆ ಪಂಪ್‌ಸೆಟ್ ಬೇಕು

ಹೂಡಿಕೆ ಬಂದರೆ ಸಾಕು, ಸಂಪತ್ತು ತಾನಾಗಿ ಮೇಲಿಂದ ಕೆಳಕ್ಕೆ ಜಿನುಗುತ್ತದೆ ಅಂತ ಕೋಲಾರದ ವೇದಿಕೆಗಳಲ್ಲಿ ಮತ್ತೆ ಭಾಷಣ ಶುರುವಾಗಿದೆ. ಸುಳ್ಳಲ್ಲ ಬಿಡಿ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಬರುತ್ತಲೇ ಇದೆಯಲ್ಲ! ಕಾವೇರಿ ಬೆಂಗಳೂರಿಗೆ ಹತ್ತುತ್ತಾಳೆ, ಅಪಾರ್ಟ್‌ಮೆಂಟುಗಳ ಕಮೋಡಿನಲ್ಲಿ ಇಳಿಯುತ್ತಾಳೆ, ಎರಡು ಹಂತ ತೊಳೆಸಿಕೊಂಡು ನಮ್ಮ ಲಕ್ಷ್ಮೀಸಾಗರ ಕೆರೆಗೆ ದಯಮಾಡಿಸುತ್ತಾಳೆ. ಎರಡನೇ ಹಂತದಲ್ಲಿ ಕೊಳೆ ಹೋಗುತ್ತದೆ, ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅದು ಪಾಚಿಗೆ ಮೃಷ್ಟಾನ್ನ. ಮೂರನೇ ಹಂತ ದುಬಾರಿ, ನಮ್ಮಂಥವರಿಗೆ ಯಾಕೆ? ಮೊದಲ ವರ್ಷವೇ ನೊರೆ ಬಂತು, ಜನ ಹೈಕೋರ್ಟಿಗೆ ಹೋದರು. ಬೆಂಗಳೂರಿನ ಸೋಪು ಪುಕ್ಕಟೆ ಸಿಕ್ಕರೂ ದೂರುವ ಜನ!

ಅಂದಹಾಗೆ ಆ ನೀರು ಜಿನುಗಿ ಬರುವುದೂ ಅಲ್ಲ, ಪಂಪು ಹಾಕಿ ಎತ್ತಬೇಕು. ಕರೆಂಟು ಹೋದರೆ ಸಿದ್ಧಾಂತವೂ ಹೋಯಿತು.

ಈ ಜಿನುಗು ಸಿದ್ಧಾಂತ ನಿಜವೆಂದು ಇವತ್ತಿನವರೆಗೂ ಸಾಬೀತಾಗಿಲ್ಲ ಅಂತ ಪೋಪ್ ಫ್ರಾನ್ಸಿಸ್ 2013ರಲ್ಲೇ ‘ಎವಾಂಜೆಲಿ ಗೌದಿಯುಂ’ ಪತ್ರದ 54ನೇ ಪ್ಯಾರಾದಲ್ಲಿ ಬರೆದರು. ಬೈಬಲ್ಲಿನ ಲೂಕನ ಸುವಾರ್ತೆಯ ಬಡವ ಲಾಜರನೂ ಧನಿಕನ ಮೇಜಿನಿಂದ ಏನಾದರೂ ಬಿದ್ದೀತೆಂದು ಬಾಗಿಲಲ್ಲೇ ಬಿದ್ದಿದ್ದ. ಬಂದದ್ದು ಹುಣ್ಣು ನೆಕ್ಕುವ ನಾಯಿಗಳು. ಪಾಪ, ಅವನೂರಿನಲ್ಲಿ ಕೈಗಾರಿಕಾ ಪ್ರದೇಶ ಇರಲಿಲ್ಲ.

ನಮಗೆ ಜಾಗತೀಕರಣ ಹೊಸದೇ? ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲೇ ತಂದಿತ್ತು. ಚಿನ್ನ ಲಂಡನ್ನಿಗೆ, ಗಣಿತ್ಯಾಜ್ಯದ ಸಯನೈಡ್ ದಿಬ್ಬ ನಮಗೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬ ಉಳಿಯಿತು. ಗಾಳಿ ಬೀಸಿದರೆ ಧೂಳು ಮನೆಮನೆಗೂ ಬರುತ್ತದೆ. ಸಮಾನ ಹಂಚಿಕೆ ಅಂತ ಜಿಲ್ಲೆ ಕಂಡಿದ್ದರೆ ಅದೊಂದೇ.

ಈಗ ನಮ್ಮ ನರಸಾಪುರದ ಕೈಗಾರಿಕಾ ಪ್ರದೇಶ. 2020ರ ಡಿಸೆಂಬರಿನಲ್ಲಿ ಫೋನ್ ಜೋಡಿಸುವ ಗುತ್ತಿಗೆ ಹುಡುಗರು ಸಂಬಳ ಸರಿಯಾಗಿ ಬಂದಿಲ್ಲವೆಂದು ಗಾಜು ಒಡೆದರು. ಒಡೆದ ಗಾಜಿನ ಲೆಕ್ಕ ದೇಶಕ್ಕೆಲ್ಲ ಗೊತ್ತಾಯಿತು. 2023ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿದರು: ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು, ಓವರ್‌ಟೈಮ್ ಮಿತಿ ಮೂರು ತಿಂಗಳಿಗೆ 75ರಿಂದ 144 ಗಂಟೆ. ಸಂಬಳ ಕೇಳಿದವರಿಗೆ ಗಂಟೆ ಕೊಟ್ಟರು. ಕಾರ್ಮಿಕ ಲಿಖಿತವಾಗಿ ಒಪ್ಪಬೇಕಂತೆ, ಎಂಥ ಔದಾರ್ಯ!

ಒಪ್ಪದೆ ಏನು ಮಾಡುತ್ತಾನೆ ಸ್ವಾಮಿ? ಬೇರೆ ಗತಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದಾದೀತೆಂಬ ಭಯಕ್ಕೆ ಒಪ್ಪಿದವನು ಬಲಾತ್ಕಾರಕ್ಕೆ, ಅನ್ಯಾಯಕ್ಕೆ ಬಲಿಯಾದವನು ಅಂತ ಪೋಪ್ 13ನೇ ಲಿಯೋ 1891ರಲ್ಲೇ ‘ರೇರುಂ ನೊವಾರುಂ’ ಪತ್ರದಲ್ಲಿ ಬರೆದಿಟ್ಟರು. ಇಷ್ಟು ವರ್ಷದಲ್ಲಿ ನಾವು ಕಲಿತದ್ದು ರುಜು ಹಾಕಿಸಿಕೊಳ್ಳುವುದನ್ನು ಮಾತ್ರ. ಬೇಜಾರಾಗಿದೆ. ಹನ್ನೆರಡು ಗಂಟೆ ನಿಂತು ಬಂದ ಹುಡುಗಿ ಬಾಡಿಗೆ ರೂಮಿನ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಟ್ಯಾಂಕರಿಗೆ ಫೋನ್ ಮಾಡಬೇಕು.