ಐ7 ಅದ ನೋಡ್ರಿ, ಲೈಟೂ ಅದ

ಮತ್ತೆ ಬಂತು ಬ್ಯಾನರು. ರಾಯಚೂರಿನ ಆಟೋಗಳ ಬೆನ್ನು, ಕರೆಂಟ್ ಕಂಬ, ವಾಟ್ಸಾಪ್ ಸ್ಟೇಟಸ್ಸು, ಎಲ್ಲಿ ನೋಡಿದರೂ ಅದೇ: "ಗೇಮಿಂಗ್ ಪಿಸಿ ಧಮಾಕಾ! ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 500 ವ್ಯಾಟ್ ಎಸ್‌ಎಂಪಿಎಸ್, ಆರ್‌ಜಿಬಿ ಲೈಟ್, ಬರೇ 18,000." ಪಕ್ಕದಲ್ಲಿ ಬೆಂಕಿ ಉಗುಳುವ ಡ್ರಾಗನ್ನು. ಪಿಯುಸಿ ರಿಸಲ್ಟ್ ಬಂದ ವಾರದಲ್ಲಿ ಈ ಡ್ರಾಗನ್ನಿನ ಹೊಟ್ಟೆಗೆ ಎಷ್ಟು ಅಪ್ಪಂದಿರ ದುಡ್ಡು ಹೋಗುತ್ತದೋ!

ಆ 500 ವ್ಯಾಟ್ ಒಂದು ಬಿಟ್ಟರೆ ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಈ ವ್ಯಾಪಾರದ ಸೊಗಸು. ಡಬ್ಬದೊಳಗೆ ನಿಜಕ್ಕೂ ಇಂಟೆಲ್ ಕಂಪನಿಯ ಐ7 ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ಇರುತ್ತದೆ: ಐ7-2600, ಬಿಡುಗಡೆಯಾದದ್ದು 2011ರ ಜನವರಿಯಲ್ಲಿ. ಯಾವುದೋ ಊರಿನ ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ಎಕ್ಸೆಲ್ ಹೊತ್ತು, ಗುಜರಿಗೆ ಬಿದ್ದು, ಹೊಸದಾಗಿ ಚೀನಾದಿಂದ ಬಂದ ಎಚ್61 ಎಂಬ ಮದರ್‌ಬೋರ್ಡಿನ (ಎಲ್ಲ ಭಾಗ ಕೂಡುವ ಹಲಗೆಯ) ಮೇಲೆ ಕೂತು ನಮ್ಮ ಸೇವೆಗೆ ಬಂದಿದೆ. ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ ಇದ್ದಾಗ, ಅಶೋಕ ಎಂಬ ಹೆಸರನ್ನೂ ತೋರಿಸಿಕೊಟ್ಟದ್ದು 1915ರಲ್ಲಿ ಸಿಕ್ಕ ನಮ್ಮ ಮಸ್ಕಿಯ ಬಂಡೆ. ಅದೇ ಜಿಲ್ಲೆಯ ಅಂಗಡಿಗಳಲ್ಲಿ ಈಗ ಬಿರುದು ಮಾತ್ರ ಉಳಿದಿದೆ, ಹೆಸರು ಅಳಿಸಿದೆ. ಐ7 ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ, ಹೈಫನ್ ಆದಮೇಲೆ ಬರುವ ಅಂಕಿಗಳನ್ನು ನುಂಗುತ್ತಾರೆ. ಆ ಅಂಕಿಗಳಲ್ಲೇ ಎಲ್ಲ ಇರುವುದು. 2600 ಎಂದರೆ ಎರಡನೇ ತಲೆಮಾರು, 3770 ಮೂರನೆಯದು, 12100 ಹನ್ನೆರಡನೆಯದು. ಐ7ಗಿಂತ ಕೆಳಗಿನ ದರ್ಜೆಯ ಐ3-12100ಕ್ಕೂ ನಾಲ್ಕೇ ಕೋರು (ಕೆಲಸಗಾರರು), ಎಂಟೇ ಥ್ರೆಡ್ಡು (ಒಟ್ಟಿಗೆ ಹಿಡಿಯುವ ಕೆಲಸ). ಈ ಮುದಿ ಐ7ಗೂ ಅಷ್ಟೇ. ಆದರೂ ಆ ಐ3 ಇದನ್ನು ಆರಾಮಾಗಿ ಹಿಂದೆ ಹಾಕುತ್ತದೆ.

ವಿಂಡೋಸ್ ಕತೆ ಕೇಳಲೇಬೇಡಿ. 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಂಗಳ ಹಾಡಿತು. 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಾದರೂ ಬೇಕು. ಅಂಗಡಿಯ ಹುಡುಗ ತಪಾಸಣೆಯನ್ನೇ ಹಾರಿಸಿ 11 ಹಾಕಿಕೊಡುತ್ತಾನೆ, ಜೊತೆಗೆ ಆಫೀಸ್, ಟ್ಯಾಲಿ, ನುಡಿ, ಆಂಟಿವೈರಸ್ ಎಲ್ಲ ಫ್ರೀ. ಮನೆಗೆ ಬಂದು ವ್ಯಾಲರಂಟ್ ಆಟ ತೆರೆದರೆ ವ್ಯಾನ್ 9001 ಎಂಬ ಎರರ್. ವಿಂಡೋಸ್ 11ರ ಮೇಲೆ ಆ ಆಟಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಆನ್ ಆಗುವಾಗಲೇ ಸಾಫ್ಟ್‌ವೇರ್ ಅಸಲಿಯೇ ಎಂದು ನೋಡುವ ಸೆಕ್ಯೂರ್ ಬೂಟ್ ಬೇಕು. ಆ ಬೋರ್ಡಿನಲ್ಲಿ ಎರಡಕ್ಕೂ ದಿಕ್ಕಿಲ್ಲ. ಅಂಗಡಿಗೆ ಫೋನ್ ಮಾಡಿದರೆ ಉತ್ತರ ಸಿದ್ಧ: "ನಿಮ್ಮ ನೆಟ್ ಸ್ಲೋ ಅದ ಸರ."

ಇನ್ನು 4 ಜಿಬಿ ಗ್ರಾಫಿಕ್ಸ್. ಇದು ಎನ್‌ವಿಡಿಯಾದ ಜಿಟಿ 730 ಕಾರ್ಡು, ಮೆಮೊರಿ ಹಳೇ ಡಿಡಿಆರ್3, ಅದರ ದಾರಿ 64 ಬಿಟ್ ಅಗಲ. 2014ರ ಕೂಸು. ಈ ಕೆಪ್ಲರ್ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2021ರಲ್ಲೇ ನಿಲ್ಲಿಸಿದೆ. ಹಗೇವು ಎಷ್ಟು ದೊಡ್ಡದಿದ್ದರೇನು, ಕಾಳು ತೆಗೆಯುವ ಬಾಯಿ ಒಬ್ಬ ಇಳಿಯುವಷ್ಟೇ: ಈ ಕಾರ್ಡಿನ ಮೆಮೊರಿಯಿಂದ ಸೆಕೆಂಡಿಗೆ ಹೊರಬರುವುದು ಸುಮಾರು 14.4 ಜಿಬಿ. ಎರಡು ಕಡ್ಡಿ ಡಿಡಿಆರ್4-3200 ರ‍್ಯಾಮ್ ಜೋಡಿಯಾಗಿ ಹಾಕಿದರೆ 51.2 ಜಿಬಿ ಬರುತ್ತದೆ. ಆದ್ದರಿಂದಲೇ ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುವ, ಈ ರ‍್ಯಾಮನ್ನೇ ಬಳಸುವ ವೇಗಾ ಗ್ರಾಫಿಕ್ಸ್ ಈ "ಕಾರ್ಡ್"ಗಿಂತ ಎಷ್ಟೋ ವಾಸಿ. 1080ಪಿಯಲ್ಲಿ ಸೆಟ್ಟಿಂಗ್ ತಗ್ಗಿಸಿಕೊಂಡು ವ್ಯಾಲರಂಟ್, ಜಿಟಿಎ ಫೈವ್ ಆಡಲು ಅಷ್ಟು ಸಾಕು. ಇದನ್ನು ಅಂಗಡಿಯಲ್ಲಿ ಹೇಳಿ ನೋಡಿ. "ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು ಗೇಮಿಂಗ್ ಪಿಸಿ ಹೆಂಗಾಗ್ತದ್ರಿ?" ಅಂತ ನಿಮ್ಮನ್ನೇ ನೋಡಿ ನಗುತ್ತಾರೆ.

5600ಜಿ ಕೊಂಡವನ ಹಣೆಬರಹವೂ ಸುಖದ್ದೇನಲ್ಲ. ಹಳೇ ಸ್ಟಾಕಿನ ಬಿ450 ಬೋರ್ಡ್ ಆದರೆ ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗದೆ ಪರದೆಯೇ ಬೆಳಗುವುದಿಲ್ಲ. ಅದಾದರೂ 16 ಜಿಬಿಯ ಒಂದೇ ಕಡ್ಡಿ ಹಾಕಿ ಕಳಿಸುತ್ತಾರೆ. ಒಂದೇ ಕಡ್ಡಿ ಎಂದರೆ 51.2ರ ಜಾಗದಲ್ಲಿ 25.6, ಅಲ್ಲಿಗೆ ವೇಗಾದ ಕುತ್ತಿಗೆ ಹಿಸುಕಿದಂತೆಯೇ. 8ರದ್ದು ಎರಡು ಕೇಳಬೇಕು. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ರ‍್ಯಾಮ್ 2400ಕ್ಕೋ 2666ಕ್ಕೋ ತೆವಳುತ್ತಿರುತ್ತದೆ. ನಾವು ಕೊಟ್ಟ ದುಡ್ಡು ಮಾತ್ರ 3200ರದ್ದು. ಈಗಂತೂ ರ‍್ಯಾಮ್ ಚಿನ್ನದ ಬಿಸ್ಕತ್ತಿನ ಸಾಲಿಗೆ ಸೇರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರುತ್ತಿದ್ದ ವ್ಯವಹಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟಿತು. ಜಗತ್ತಿಗೆಲ್ಲ ಒಂದು ಚಾಟ್‌ಬಾಟ್ ಕವನ ಬರೆಯಬೇಕು, ಅದಕ್ಕಾಗಿ ಮಾನ್ವಿಯ ಹುಡುಗ ಡಿಡಿಆರ್3ರಲ್ಲಿ ಆಡಬೇಕು.

ಕರೆಂಟಿನ ಮಾತು ತೆಗೆಯದೆ ನಮ್ಮ ಕಡೆ ಯಾವ ಮಾತೂ ಮುಗಿಯುವುದಿಲ್ಲ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡಿತಿನಿಯಲ್ಲಿ 1,700. ಒಟ್ಟು 5,020 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರಗಳು ನಮ್ಮ ಎದೆಯ ಮೇಲೆ ಕೂತು ಹೊಗೆ ಬಿಡುತ್ತಿವೆ. ಬೂದಿ ನಮಗೆ, ಬೆಳಕು ಬೆಂಗಳೂರಿಗೆ. ಇಷ್ಟರ ನಡುವೆ 300 ವ್ಯಾಟಿನ ಒಂದು ಡಬ್ಬಕ್ಕೆ ಸಂಜೆ ಎರಡು ತಾಸು ಅಲುಗದ ಕರೆಂಟ್ ಬೇಕೆಂದರೆ ಅದು ದುರಾಸೆ! ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎನ್ನುತ್ತೀರಿ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಸತ್ತಿರುತ್ತದೆ. ಅದಕ್ಕೆ ಕರೆಂಟ್ ಹಂಚುವ ಡಬ್ಬಿಯೇ ಎಸ್‌ಎಂಪಿಎಸ್. ಒಳ್ಳೆಯ ಎಸ್‌ಎಂಪಿಎಸ್ ಕೂಡ ಕರೆಂಟಿಲ್ಲದೆ ತಡೆದುಕೊಳ್ಳುವುದು 16-17 ಮಿಲಿಸೆಕೆಂಡು ಅಷ್ಟೇ.

ಒಳ್ಳೆಯ ಎಸ್‌ಎಂಪಿಎಸ್ ಎಂದೆ. ಬ್ಯಾನರಿನ "500 ವ್ಯಾಟ್" ಬೇರೆ ಜಾತಿ. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಖಾಲಿ ಡಬ್ಬಿಯಷ್ಟು ಹಗುರ. ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲು ಓದಿ. 14 ಆಂಪಿಯರ್ ಎಂದಿದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಈ ಸಾಲಿನಿಂದಲೇ. ನಾಳೆ ಹುಡುಗ ದುಡ್ಡು ಕೂಡಿಸಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ತಂದರೆ ಅದೊಂದಕ್ಕೇ 132 ವ್ಯಾಟ್ ಬೇಕು. ಕಾರ್ಡಿಗೆ ಬೇಕಾದ 8 ಪಿನ್ ವೈರ್ ಇರುವುದಿಲ್ಲ, ಮೋಲೆಕ್ಸ್ ಎಂಬ ಹಳೇ ಪ್ಲಗ್ಗಿನಿಂದ ಕನ್ವರ್ಟರ್ ಸಿಕ್ಕಿಸಿಕೊಡುತ್ತಾರೆ. ಆಟ ಬಿಸಿಯೇರುವ ಹೊತ್ತಿಗೆ ಸಿಸ್ಟಮ್ ರೀಸ್ಟಾರ್ಟ್, ಇಲ್ಲವೇ ಪ್ಲಾಸ್ಟಿಕ್ ಸುಟ್ಟ ವಾಸನೆ. 450 ವ್ಯಾಟಿನದಾದರೂ ಚಿಂತೆಯಿಲ್ಲ, ಕರೆಂಟ್ ಪೋಲು ಮಾಡದ ಗುರುತಾದ 80 ಪ್ಲಸ್ ಬ್ರಾಂಜ್ ಇರಲಿ, ಹೆಸರಿರುವ ಕಂಪನಿಯದಿರಲಿ.

ಕ್ಯಾಬಿನೆಟ್ಟಿನ ಮುಂದೆ ಪೂರ್ತಿ ಗಾಜು, ಹಿಂದೆ ಮೂರು ಬಣ್ಣದ ಫ್ಯಾನು. ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ಯೂಟ್ಯೂಬಿನ ರಿವ್ಯೂ ನಡೆಯುವುದು ಎಸಿ ರೂಮಿನ 25 ಡಿಗ್ರಿಯಲ್ಲಿ, ನಮ್ಮದು ಏಪ್ರಿಲ್ಲಿನ 42. ಆ 17 ಡಿಗ್ರಿ ಹೆಚ್ಚುಕಡಿಮೆ ಹಾಗೇ ಪ್ರೊಸೆಸರಿನ ಲೆಕ್ಕಕ್ಕೆ ಸೇರುತ್ತದೆ. 95 ಮುಟ್ಟಿತೋ, 5600ಜಿ ತಾನೇ ವೇಗ ಇಳಿಸಿಕೊಂಡು ಕೂರುತ್ತದೆ. ಮುಂದೆ ಜಾಲರಿ ಇರುವ ಡಬ್ಬ ತಗೊಳ್ಳಿ, ಬಣ್ಣ ಇಲ್ಲದಿದ್ದರೂ ಸರಿ. ಕೊಪ್ಪಳದ ಗಿಣಿಗೇರಿ ಕಡೆಯವರಿಗೆ ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿಪುಡಿಯ ಉಡುಗೊರೆ ಬೇರೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು, ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದಿಡಬೇಕು, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ. ಜನರ ಶ್ವಾಸಕೋಶಕ್ಕೆ ಯಾವ ಬ್ಲೋವರ್ ಇದೆಯೋ, ಅದನ್ನು ಯಾವ ಬ್ಯಾನರೂ ಹೇಳುವುದಿಲ್ಲ.

ನಗುವುದಕ್ಕೂ ಒಂದು ಮಿತಿ ಇದೆ. ಈ 18,000 ಎಲ್ಲಿಂದ ಬರುತ್ತದೆ? ಸಿಂಧನೂರಿನಲ್ಲಿ ಭತ್ತ ಮಾರಿದ್ದು, ದೇವದುರ್ಗದಲ್ಲಿ ಹತ್ತಿ ಮಾರಿದ್ದು. ಮಗ ಕೋಡಿಂಗ್ ಕಲಿಯುತ್ತಾನೆ ಅಂತ ನಂಬಿ ಕೊಟ್ಟದ್ದು. ಮಗ ಆಟ ಆಡಲಿ, ಅದೇನು ಪಾಪವಲ್ಲ. ಆದರೆ ಆ ಅಪ್ಪನ ಕೈಗೆ ಹದಿನೈದು ವರ್ಷದ ಹಳೇ ಸಾಮಾನನ್ನು ಹೊಸದೆಂದು ಕೊಡುವುದು, "ಬಿಲ್ ಬ್ಯಾಡಂದ್ರ ಜಿಎಸ್‌ಟಿ ಉಳೀತದ್ರಿ" ಎಂದು 18 ಪರ್ಸೆಂಟಿನ ಆಸೆ ತೋರಿಸುವುದು ಕಳ್ಳತನ. ಬೇರೆ ಹೆಸರಿಲ್ಲ ಅದಕ್ಕೆ. ಬಿಲ್ಲಿದ್ದರೆ ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ 3 ವರ್ಷ ವಾರಂಟಿ. ಬಿಲ್ಲಿಲ್ಲದಿದ್ದರೆ ಅಂಗಡಿಯವನ ಮುಖದ ವಾರಂಟಿ, ಅದು ಗಲ್ಲಾಪೆಟ್ಟಿಗೆ ಮುಚ್ಚುವವರೆಗೆ.

ದುಡ್ಡು ಎಣಿಸುವ ಮುಂಚೆ ಪೆನ್‌ಡ್ರೈವ್‌ನಲ್ಲಿ ಮೂರು ಪುಕ್ಕಟೆ ಸಾಫ್ಟ್‌ವೇರ್ ಒಯ್ಯಿರಿ. ಸಿಪಿಯು-ಝಡ್ ಪ್ರೊಸೆಸರಿನ ಪೂರ್ತಿ ಹೆಸರು ಹೇಳುತ್ತದೆ. ಜಿಪಿಯು-ಝಡ್ ಬೇರೆ ಕಾರ್ಡಿನ ವೇಷ ಹಾಕಿದ ಕಾರ್ಡನ್ನು ಗುರುತಿಸಿ ಹೆಸರಿನ ಮುಂದೆಯೇ ಫೇಕ್ ಎಂದು ಬರೆಯುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪವರ್ ಆನ್ ಅವರ್ಸ್ ನೋಡಿ. "ಹೊಸ" ಹಾರ್ಡ್ ಡಿಸ್ಕ್ 40,000 ಗಂಟೆ ತೋರಿಸಿದರೆ ಅದು ನಾಲ್ಕೂವರೆ ವರ್ಷ ಹಗಲೂ ರಾತ್ರಿ ಓಡಿದೆ ಎಂದರ್ಥ. ಪೆನ್‌ಡ್ರೈವ್ ಕಂಡ ಕೂಡಲೇ ಕೌಂಟರಿನಿಂದ ಎಚ್ಚರಿಕೆ ಬರುತ್ತದೆ: "ಅದೆಲ್ಲ ಹಾಕಬ್ಯಾಡ್ರಿ ಸರ, ವಾರಂಟಿ ಹೋಗ್ತದ."